ಸೋವಿ ಬೇಸ್ ಗಿಟಾರ್ ಅಂದ್ರ ಆಟಿಗಿ ಸಾಮಾನಲ್ರಿ

ಒಂದು ಮಾತು ಮೊದಲಽ ಹೇಳಿಬಿಡ್ತೀನಿ, ಆಮ್ಯಾಲೆ ಬೈಯಾವ್ರು ಬೈಯ್ರಿ. 15–20 ಸಾವಿರದ ಬೇಸ್ ಗಿಟಾರ್ ಕೆಟ್ಟ ಸಾಮಾನಲ್ಲ. ಅದನ್ನ ಕೆಟ್ಟದು ಅನ್ನಾವ್ರೊಳಗ ಭಾಳ ಮಂದಿ ಸ್ವತಾ ಬಾರಸಾವ್ರಽ ಇದ್ದಾರ. ಅದಕ್ಕಽ ನಾವು ಹೆಂಗಸ್ರು ಅವರ ಮಾತಿಗೆ ಲಗೂನ ತಲಿ ಹಾಕ್ತೀವಿ. "ಬಲ್ಲವ್ರು ಹೇಳ್ಯಾರ, ನಮಗೇನು ತಿಳೀತದ" ಅಂತ ಪರ್ಸು ಮುಚ್ಚಿ ಮನಿಗೆ ಬರ್ತೀವಿ, ಹುಡುಗಿ ಮಾರಿ ಸಣ್ಣದು ಮಾಡ್ಕೊಂಡು ಹಿಂದ ಬರತದ.

ನಮ್ಮ ಸಣ್ಣಾಕಿ ಬೇಸ್ ಹಿಡದು ಎರಡು ವರ್ಷಾತು. ಅವಾಗಿಂದ ನನಗ ಫೋನ್ ಮ್ಯಾಲೆ ಫೋನ್. ಗದಗಿನ ಅತ್ತಿಗಿ, ಪುಣೆದಾಗಿನ ಅಬಚಿ, ಹಿಂದಿನ ಓಣಿ ಮಾಮಿ, ಎಲ್ಲಾರ ಮನ್ಯಾಗೂ ಒಂದೊಂದು ಹುಡುಗಿ "ನನಗೂ ಬೇಕು" ಅಂತ ಹಟಾ ಹಿಡದು ಕೂತದ. ಎಲ್ಲಾರದೂ ಒಂದಽ ಪ್ರಶ್ನಿ: ಸೋವಿದ್ದು ತಗೋಬೇಕೋ ಬ್ಯಾಡೋ, ಬಾರಸಾವ್ರು ಏನಂತಾರ?

ಬಾರಸಾವ್ರು ಏನಂತಾರ ಹೇಳ್ತೀನಿ ಕೇಳ್ರಿ. ನಾಕು ಮಂದಿಗೆ ಕೇಳಿದ್ರ ಐದು ಮಾತು. ಒಬ್ಬಾಂವ "ಅಮೆರಿಕಾದ್ದು ಬಿಟ್ಟು ಬ್ಯಾರೆ ಮುಟ್ಟಬ್ಯಾಡ್ರಿ" ಅಂದ. ಒಬ್ಬಾಂವ "ಮೊದಲು ಎರಡು ವರ್ಷ ಸಾದಾ ಗಿಟಾರ್ ಕಲೀಲಿ" ಅಂದ. ಇನ್ನೊಬ್ಬಾಂವ "ಹೆಣ್ಣುಹುಡುಗ್ಯಾರ ಕೈಗೆ ಆಗೂದಿಲ್ಲ ಮೇಡಂ, ಕೀಬೋರ್ಡ್ ಕೊಡಸ್ರಿ" ಅಂದ. ಕಡೀಕ ಒಬ್ಬಾಂವ ಭಾಳ ದಯಾ ತೋರಿಸಿ, "ಹೆಂಗೂ ಬಿಟ್ಟುಬಿಡ್ತಾಳ, ಎಲ್ಲಾಕ್ಕಿಂತ ಸೋವಿದ್ದು ನೋಡಿ ಕೊಡಸಿಬಿಡ್ರಿ" ಅಂದ. ಈ ಕಡೀ ಮಾತಿಗೆ ಆಮ್ಯಾಲೆ ಬರ್ತೀನಿ, ಅದರ ಮ್ಯಾಲೆ ನನ್ನ ಸಿಟ್ಟು ಜಾಸ್ತಿ ಅದ.

ಗೊತ್ತಿಲ್ಲದವ್ರಿಗೆ ಜರಾ ವಾದ್ಯದ ಪರಿಚಯ. ಬೇಸ್‌ಗೆ 4 ತಂತಿ. ಇ, ಎ, ಡಿ, ಜಿ ಅಂತ ಶ್ರುತಿ ಕೂಡಸ್ತಾರ. ಸಾದಾ ಗಿಟಾರ್‌ನ ನಾಕು ದಪ್ಪ ತಂತಿಗಿಂತ ಬರೋಬ್ಬರಿ ಒಂದು ಸಪ್ತಕ ಕೆಳಗ. ಎಲ್ಲಾಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ನಡಗತದ. ಕಿವಿಗೆ ಕೇಳೂದಕ್ಕಿಂತ ಎದಿಗೆ ತಾಕೂದು ಜಾಸ್ತಿ. 1951ರಾಗ ಅಮೆರಿಕಾದ ಲಿಯೋ ಫೆಂಡರ್ ಅನ್ನಾಂವ ಪ್ರಿಸಿಷನ್ ಬೇಸ್ ಅಂತ ಮಾರಾಟಕ್ಕ ತಂದ. ಅದಕ್ಕೂ ಮೊದಲು ಬ್ಯಾಂಡಿನಾಗ ಕೆಳಗಿನ ಸ್ವರಾ ಬೇಕಂದ್ರ ಆಳೆತ್ತರದ ಡಬಲ್ ಬೇಸ್ ಹೊತ್ಕೊಂಡು ಅಡ್ಡಾಡಬೇಕಿತ್ತು. ಇದರಾಗ ಫ್ರೆಟ್ ಇರತಾವ, ಬೆರಳು ಇಟ್ಟಲ್ಲೆ ಸ್ವರಾ ಬರೋಬ್ಬರಿ ಬೀಳತದ, ಅದಕ್ಕಽ ಆ ಹೆಸರು. ಈ ಫೆಂಡರ್ ಮೂಲದಾಗ ರೇಡಿಯೋ ರಿಪೇರಿ ಮಾಡಾಂವ, ಸ್ವತಾ ಗಿಟಾರ್ ಬಾರಸಾಕ ಬರ್ತಿದ್ದಿಲ್ಲ. ಕಟಿಗಿ ಹಲಗಿ ಕೊರದು, ಕುತಿಗಿ ಸ್ಕ್ರೂ ಹಾಕಿ ಬಿಗದು, ಕಾರ್ಖಾನ್ಯಾಗ ಸಾಲಾಗಿ ಮಾಡೂ ಸಾಮಾನು ಇದು. ಹುಟ್ಟಿದ್ದಽ ಹಂಗ. ಇವತ್ತು ಅದಕ್ಕ ಮಡಿ-ಮೈಲಿಗಿ ಹೇಳಾವ್ರನ್ನ ನೋಡಿದ್ರ ನನಗ ನಗು ಬರತದ.

ಈಗ ಮೊದಲನೇ ಮಾತಿಗೆ ಬರೂಣು. ಅಮೆರಿಕಾದಾಗ ತಯಾರಾದ ಫೆಂಡರ್ ತಗೋಬೇಕಂದ್ರ ಒಂದೂವರೆ ಲಕ್ಷ ದಾಟತದ. ಅಷ್ಟು ರೊಕ್ಕ ಕೂಡೂತನಕ ಕಾಯಬೇಕಂದ್ರ ನಮ್ಮಂಥಾ ಮನ್ಯಾಗ ಹುಡುಗಿ ಪಿಯುಸಿ ಮುಗಸಿ, ಡಿಗ್ರಿ ಮುಗಸಿ, ಮದುವಿ ಮಾತು ಸುರು ಆಗಿರತದ. ಅವಾಗ ಯಾರು ಕೊಡಸ್ತಾರ ಹೇಳ್ರಿ? ತುಟ್ಟಿ ವಾದ್ಯ ಛಲೋ ಇರೂದಿಲ್ಲ ಅಂತ ನಾ ಅನ್ನೂದಿಲ್ಲ. ಕಟಿಗಿ ಛಲೋ, ಕೀಲಿ ಬಿಗಿ, ಶ್ರುತಿ ಭಾಳ ಹೊತ್ತು ನಿಲ್ಲತದ, ಮಾರಿದ್ರ ಕಿಮ್ಮತ್ತು ಬರತದ. ಖರೇ. ಆದ್ರ ಕಲಿಯಾಕ ಕೂತ ಹುಡುಗಿಗೆ ಅದರಾಗ ಎಷ್ಟು ಬೇಕು? ಆ ದೊಡ್ಡ ಹೆಸರಿನ ಕಂಪನಿಗಳಽ ತಮ್ಮ ಸೋವಿ ಮಾಲು ತಾವಽ ಮಾಡ್ತಾವ. ಫೆಂಡರ್‌ದಽ ಸ್ಕ್ವೈಯರ್ ಅನ್ನೂ ಹೆಸರು, 1982ರಾಗ ಜಪಾನಿನ್ಯಾಗ ಸುರು ಆತು. ಯಮಾಹಾ, ಐಬನೇಜ್ ಇವೂ ಹಂಗಽ, ಕಲಿಯಾವ್ರಿಗಂತ ಬ್ಯಾರೆ ಮಾಲು ಇಟ್ಟಾವ. ನಾಕು ಮಂದಿ ಮುಂದ ಸ್ಟೇಜಿನ ಮ್ಯಾಲೆ ಡ್ರಮ್ಮು, ಕೀಬೋರ್ಡು, ಹಾಡು ಎಲ್ಲಾ ಕೂಡಿದಾಗ ಬೇಸ್ 18 ಸಾವಿರದ್ದೋ ಒಂದೂವರೆ ಲಕ್ಷದ್ದೋ ಅಂತ ಕೂತು ಕೇಳಾವ್ರಿಗೆ ತಿಳಿಯೂದಿಲ್ಲ. ತಾಳ ತಪ್ಪಿದ್ರ ಮಾತ್ರ ಹಿಂದಿನ ಸಾಲಿನ ಕೂಸಿಗೂ ತಿಳೀತದ.

ಹಂಗಾದ್ರ ಸೋವಿ ಬೇಸ್ ಬಾರಿಸಿದವ್ರು "ಬೆರಳು ಸೀಳ್ತಾವ, ತಂತಿ ಗರ್ ಗರ್ ಅಂತಾವ, ಶ್ರುತಿ ನಿಲ್ಲೂದಿಲ್ಲ" ಅಂತ ಬೈತಾರಲ್ಲ, ಅದು ಸುಳ್ಳೇನು? ಸುಳ್ಳಲ್ಲ. ಇಲ್ಲೇ ಇರೂದು ಗಮ್ಮತ್ತು. ಅವರು ಬೈಯೂದು ಬೇಸ್‌ಗೆ ಅಲ್ಲ, ಅದನ್ನ ಸಜ್ಜು ಮಾಡದಽ ಮಾರಿದವ್ರಿಗೆ ಬೈಬೇಕು.

ನಾವು ಧಾರವಾಡದ ಸೀಮಿಯವ್ರು. ಗಂಗೂಬಾಯಿ, ಮನಸೂರ ಮಲ್ಲಿಕಾರ್ಜುನ ಇವರೆಲ್ಲಾ ಹುಟ್ಟಿದ ನೆಲ. ನಮಗ ತಂಬೂರಿ ಗೊತ್ತಿಲ್ಲೇನು? ಅದಕ್ಕೂ 4 ತಂತಿ. ಮಿರಜಿನಿಂದ ಎಷ್ಟು ತುಟ್ಟಿ ತಂಬೂರಿ ತಂದ್ರೂ ಜವಾರಿ ಸರಿ ಇಲ್ಲಂದ್ರ ಡಬ್ಬಿ ಬಡದಂಗ ಆಗತದ. ಕುದುರಿ ಮ್ಯಾಲೆ ಆ ಸಣ್ಣ ದಾರಾ ಇಷ್ಟಽ ಸರಸಿದ್ರ ಸಾಕು, ಅದಽ ತಂಬೂರಿ ತುಂಬಿಕೊಂಡು ಹಾಡತದ. (ಇದು ಜವಾರಿ ಸೌತಿಕಾಯಿ ಜವಾರಿ ಅಲ್ರಿ, ಅಬಚಿ ಮಗಳು ಹಂಗಽ ತಿಳಕೊಂಡಿದ್ಲು.) ಬೇಸ್‌ಗೂ ಇಂಥಾದ್ದಽ ಒಂದು ಕೆಲಸ ಅದ, ಸೆಟಪ್ ಅಂತಾರ. ಕುತಿಗಿ ಒಳಗ ಒಂದು ಉಕ್ಕಿನ ಸಳಿ ಇರತದ, ಟ್ರಸ್ ರಾಡ್ ಅಂತ. ತಂತಿ ಎಳೆತಕ್ಕ ಕುತಿಗಿ ಮುಂದ ಬಾಗತದ, ಸಳಿ ಅದನ್ನ ಹಿಂದ ಹಿಡೀತದ. ನಮ್ಮೂರಾಗ ಜಡಿ ಮಳಿ ಹತ್ತಿದಾಗ ಕಟಿಗಿ ಉಬ್ಬತದ, ಮಾರ್ಚ್ ಏಪ್ರಿಲ್‌ನ್ಯಾಗ ಒಣಗಿ ಕುಗ್ಗತದ. ಬಾಗಲಾ ಮಳಿಗಾಲದಾಗ ಬಿಗಿ ಹಿಡಿಯೂದಿಲ್ಲೇನು, ಹಂಗಽ. ಒಣಗಿದಾಗ ಫ್ರೆಟ್ಟಿನ ತುದಿ ಹೊರಗ ಇಣಕಿ ಬೆರಳಿಗೆ ಗೀರತಾವ. ಇದು ಲಕ್ಷದ ಬೇಸ್‌ಗೂ ಆಗತದ. ತುಟ್ಟಿ ಮಾಲಿನ್ಯಾಗ ಕಾರ್ಖಾನ್ಯಾಗಽ ಒಬ್ಬಾಂವ ಕೂತು ತುದಿ ತಿಕ್ಕಿ ಕಳಸಿರ್ತಾನ, ಸೋವಿದ್ರಾಗ ಆ ಕೆಲಸಕ್ಕ ಕಡಿಮಿ ಹೊತ್ತು ಕೊಟ್ಟಿರ್ತಾರ. ಫರಕು ಭಾಳಷ್ಟು ಇಷ್ಟಽ.

ನಮ್ಮಾಕಿ ಬೇಸ್ ಬಂದಾಗ ಹನ್ನೆರಡನೇ ಫ್ರೆಟ್ಟಿನ್ಯಾಗ ತಂತಿ 4 ಮಿಲಿಮೀಟರ್ ಎತ್ತರ ಇತ್ತು. ಸ್ಕೇಲ್‌ಪಟ್ಟಿ ಇಟ್ಟು ನಾನಽ ಅಳದೆ. ಎರಡು, ಎರಡೂವರಿ ಇದ್ರ ಬೆರಳಿಗೆ ಹಿತಾ. ಅಂಗಡ್ಯಾಂವಗ ಕೇಳಿದ್ರ "ಸೋವಿದ್ದಲ್ರಿ, ಹಿಂಗಽ ಇರತದ, ಬೆರಳು ಗಟ್ಟಿ ಆದ್ಮ್ಯಾಲೆ ಸರಿ ಆಗತದ" ಅಂದ. ಅಂಗಡಿ ಹೆಸರು ಬ್ಯಾಡ. ಹುಬ್ಬಳ್ಳ್ಯಾಗ ಗಿಟಾರ್ ರಿಪೇರಿ ಮಾಡೂ ಒಬ್ಬ ಹುಡುಗ ಇದ್ದಾನ, ಅವನ ಕಡೆ ಒಯ್ದೆ. ಅಲನ್ ಕೀಲೆ ಸಳಿ ಕಾಲುಸುತ್ತು ತಿರಿವಿದ, ಕುದುರಿ ಮ್ಯಾಲಿನ ಸಣ್ಣ ಸ್ಕ್ರೂ ಇಳಿಸಿದ, ಫ್ರೆಟ್ ತುದಿ ಸಣ್ಣ ಅರದಲೆ ತಿಕ್ಕಿದ. ಒಂದು ತಾಸು, 800 ರೂಪಾಯಿ. ಅವತ್ತ ರಾತ್ರಿ ನಮ್ಮಾಕಿ ಅಳದಽ ಬಾರಿಸಿದ್ಲು. ಮೊದಲಿನ ಮೂರು ವಾರ ಅಕಿ ತನ್ನ ಬೆರಳಽ ಸರಿ ಇಲ್ಲ, ತನ್ನ ಕೈಲೆ ಆಗೂದಿಲ್ಲ ಅಂತ ತಿಳಕೊಂಡಿದ್ಲು. ಈ ಮೂರು ವಾರದ ಲೆಕ್ಕ ಯಾರು ಕೊಡ್ತಾರ? ಎಷ್ಟು ಹುಡುಗ್ಯಾರು ಈ ಮೂರು ವಾರದಾಗಽ ವಾದ್ಯ ಅಟ್ಟದ ಮ್ಯಾಲೆ ಹಾಕಿರಬಹುದು? ಹೊಲಿಗಿ ಮಷೀನ್‌ನ ಟೆನ್ಶನ್ ಸರಿ ಇಲ್ಲದಽ ದಾರಾ ಗಂಟು ಬಿದ್ರ ನಾವು "ನಿನಗ ಹೊಲಿಗಿ ಬರೂದಿಲ್ಲ" ಅಂತ ಹುಡುಗೀಗೆ ಅಂತೀವೇನು?

ಇನ್ನೊಂದು ತಮಾಶಿ ಅದ. ಮಂದಿ ಮೊಬೈಲಿನ್ಯಾಗ ವಿಡಿಯೋ ಹಚ್ಚಿ, "ನೋಡ್ರಿ ವೈನಿ, ಈ ಬೇಸ್ ಧ್ವನಿ ಎಷ್ಟು ತೆಳ್ಳಗದ, ಆ ಬೇಸ್ ಎಷ್ಟು ತುಂಬೇದ" ಅಂತ ನನಗ ತೋರಸ್ತಾರ. ಅಲ್ರೆವ್ವಾ, ಮೊಬೈಲಿನ ಆ ಗುಂಡಿಯಷ್ಟು ಸ್ಪೀಕರ್ 41ರ ತನಕ ಇಳಿಯೂದಽ ಇಲ್ಲ. ಅದರಾಗ ಕೇಳೂದು ಮ್ಯಾಲಿನ ಮ್ಯಾಲಿನ ನಾದ ಅಷ್ಟಽ. ಬೇಸ್ ಧ್ವನಿ ಮೊಬೈಲಿನ್ಯಾಗ ಅಳಿಯೂದಂದ್ರ ಹುಳಿ ವಾಸನಿ ಫೋಟೋದಾಗ ನೋಡಿದಂಗ. ಛಲೋ ಹೆಡ್‌ಫೋನ್ ಹಾಕ್ಕೊಂಡು ಕೇಳ್ರಿ, ಇಲ್ಲಾ ಅಂಗಡಿಗೆ ಹೋಗ್ರಿ.

ಅಂಗಡಿಗೆ ಹೋದ್ರ ಏನು ನೋಡಬೇಕು? ಬಾರಸಾಕ ಬರಬೇಕಂತಿಲ್ಲ. ಸ್ಟೀಲ್ ಭಾಂಡೆ ತಗೋಬೇಕಾದ್ರ ಕಂಠಕ್ಕ ಬೆರಳು ಆಡಸ್ತೀವಲ್ಲ, ಹಂಗಽ ಕುತಿಗಿಯ ಎರಡೂ ಅಂಚಿಗೆ ಬೆರಳು ಆಡಸ್ರಿ, ಗೀರತದೇನು ನೋಡ್ರಿ. ತಲಿ ಕಡಿಂದ ಒಂದು ಕಣ್ಣು ಮುಚ್ಚಿ ಕುತಿಗಿ ಉದ್ದಕ್ಕ ನೋಡ್ರಿ, ತಿರಿಚಿದ್ರ ತಿಳೀತದ. ಸಳಿ ತಿರಿವಿ ಬಾಗಿದ್ದು ಸರಿ ಮಾಡಬಹುದು, ತಿರಿಚಿದ್ದು ಆಗೂದಿಲ್ಲ, ಅದನ್ನ ಅಲ್ಲೇ ಬಿಟ್ಟು ಬರ್ರಿ. ಒಂದನೇ ಫ್ರೆಟ್ಟಿನ್ಯಾಗೂ ಕಡೀ ಫ್ರೆಟ್ಟಿನ್ಯಾಗೂ ತಂತಿ ಒತ್ತಿ ಹಿಡಸ್ರಿ, ನಡುವ ಒಂದು ವಿಜಿಟಿಂಗ್ ಕಾರ್ಡ್ ಹೋಗೂವಷ್ಟು ಸಂದು ಇದ್ರ ಬರೋಬ್ಬರಿ. ಆಮ್ಯಾಲೆ ಹುಡುಗೀಗೆ ಹೇಳಿ ಎಲ್ಲಾ ಫ್ರೆಟ್ಟೂ ಒಂದೊಂದಽ ಒತ್ತಿ ಬಾರಸಾಕ ಹಚ್ಚ್ರಿ, ಅಂಗಡ್ಯಾಂವ ಬ್ಯಾಸರ ಮಾಡ್ಕೊಂಡ್ರ ಮಾಡ್ಕೊಳ್ಳಿ. ಯಾವ ಸ್ವರಾ ಸತ್ತದ, ಯಾವುದು ಗರ್ ಅಂತದ ತಿಳೀತದ. ತಂತಿ ಖಾಲಿ ಬಾರಿಸಿ, ಹನ್ನೆರಡನೇ ಫ್ರೆಟ್ಟಿನ್ಯಾಗ ಒತ್ತಿ ಬಾರಸ್ರಿ, ಸಪ್ತಕ ಸರಿ ಕೂಡಬೇಕು. ಭಜನಿ ಮಾಡಿದ ಕಿವಿ ನಿಮ್ಮದು, ಅಪಸ್ವರ ನಿಮಗ ತಿಳಿಯೂದಿಲ್ಲಂದ್ರ ನಾ ನಂಬೂದಿಲ್ಲ. ಪಟ್ಟಾ ಹಾಕಿ ಹೆಗಲಿಗೆ ತೂಗಿಸಿ ಕೈ ಬಿಡಸ್ರಿ. ಕೆಲವು ಬೇಸ್ ತಲಿ ಭಾರ ಆಗಿ ಮುಂದ ಮುಗ್ಗರಸ್ತಾವ, ಹುಡುಗಿ ಎಡಗೈ ಎಲ್ಲಾ ಅದನ್ನ ಎತ್ತಿ ಹಿಡಿಯೂದ್ರಾಗಽ ಸೋಲತದ. ತೂಕ ಸುಮಾರು 4 ಕಿಲೋ ಇರತದ, ಅಗಲ ಪಟ್ಟಾ ತಗೋರಿ.

ಎರಡನೇ ಮಾತು, ಮೊದಲು ಗಿಟಾರ್ ಕಲೀಲಿ ಅನ್ನೂದು. ಬೇಸ್ ಅಂದ್ರ ಗಿಟಾರ್‌ನ ಒಂದನೇ ಇಯತ್ತೆ ಅಲ್ಲ, ಎರಡರ ಕೆಲಸಾನೂ ಬ್ಯಾರೆ. ಮುಂಬೈದ ಮೋಹಿನಿ ಡೇ ಸಣ್ಣ ಕೂಸಿದ್ದಾಗಽ ಅಪ್ಪನ ಕಡೆ ಬೇಸ್ ಕಲ್ತಾಕಿ, ಎ.ಆರ್. ರೆಹಮಾನ್ ಜೋಡಿ ಬಾರಿಸ್ಯಾಳ. ಇದರ ಬಗ್ಗೆ ಹೆಚ್ಚು ಹೇಳಾಕ ಏನಿಲ್ಲ.

ಮೂರನೇ ಮಾತು, ಹೆಣ್ಣುಹುಡುಗ್ಯಾರ ಕೈ. ಸಾದಾ ಬೇಸ್‌ನ ತಂತಿ ಉದ್ದ 34 ಇಂಚು, ಮೊದಲಿನ ಫ್ರೆಟ್ಟುಗಳ ನಡುವ ಅಂತರ ದೊಡ್ಡದಽ ಇರತದ, ಸಣ್ಣ ಕೈಗೆ ತ್ರಾಸ ಆಗತದ, ಖರೇ. ಆದ್ರ 30 ಇಂಚಿನವೂ ಬರ್ತಾವ. ಸ್ಕ್ವೈಯರ್ ಬ್ರಾಂಕೋ ಅನ್ನೂದು ಅಂಥಾದ್ದು. ಐಬನೇಜ್ ಮೈಕ್ರೋ ಅಂತೂ 28.6 ಇಂಚು. ತಂತಿ ಎಳೆತಾನೂ ಮೆತ್ತಗ. ಇವು ಸೋವಿ ಮಾಲಿನ್ಯಾಗಽ ಸಿಗ್ತಾವ ನೋಡ್ರಿ. ಇದನ್ನ ಹೇಳಾಕ ಅಂಗಡ್ಯಾಂವಗ ಎರಡು ನಿಮಿಷ ಸಾಕಿತ್ತು, ಅದರ ಬದಲಿ ಕೀಬೋರ್ಡ್ ಕಡೆ ಕೈ ತೋರಿಸಿದ. ಅಮೆರಿಕಾದಾಗ ಕ್ಯಾರೊಲ್ ಕೇ ಅಂತ ಒಬ್ಬಾಕಿ. 1963ರಾಗ ಲಾಸ್ ಏಂಜಲಿಸ್‌ನ ರೆಕಾರ್ಡಿಂಗ್‌ಗೆ ಬೇಸ್‌ನಾಂವ ಬರಲಿಲ್ಲ ಅಂತ ಗಿಟಾರ್ ಬಾರಸೂ ಅಕಿಗೆ ಬೇಸ್ ಕೈಗೆ ಕೊಟ್ರು. ಮುಂದ ಅಲ್ಲಿನ ಎಷ್ಟೋ ಹೆಸರಾದ ಹಾಡಿಗೆ, ಸಿನಿಮಾಕ್ಕ, ಟಿವಿಗೆ ಅಕಿದಽ ಬೇಸ್. ಮಕ್ಕಳನ್ನ ಸಾಕ್ಕೊಂತ, ದಿನಾ ಸ್ಟುಡಿಯೋಕ್ಕ ಹೋಗಿ ದುಡದು ತಂದಾಕಿ. ಅಕಿ ಕೈ ಎಷ್ಟು ಇಂಚು ಅಂತ ಯಾರೂ ಅಳದಂಗಿಲ್ಲ.

ಈಗ ಆ ಕಡೀ ಮಾತು. "ಹೆಂಗೂ ಬಿಟ್ಟುಬಿಡ್ತಾಳ." ಇದನ್ನ ಅಂಗಡ್ಯಾಂವಷ್ಟಽ ಅಲ್ಲ, ನಮ್ಮ ಮನ್ಯಾಗಿನ ಹೆಂಗಸ್ರೂ ಅಂದ್ರು. ಬಿಟ್ಟರ ಬಿಡಲಿ! ಅಕಿ ಅಣ್ಣ ಕ್ರಿಕೆಟ್ ಕಿಟ್ ಬಿಟ್ಟ, ಜಿಮ್ ಬಿಟ್ಟ, 60 ಸಾವಿರದ ಕ್ಯಾಮೆರಾ ಕಪಾಟಿನ್ಯಾಗ ಮಲಗೇದ, ಅವಾಗ ಯಾರೂ ಲೆಕ್ಕ ತಗೀಲಿಲ್ಲ. ಹುಡುಗಿ 18 ಸಾವಿರ ಕೇಳಿದ ಕೂಡಲೆ ಜಾಮೀನು ಬೇಕು, "ಮೊದಲು ಕಲ್ತು ತೋರಸು, ಆಮ್ಯಾಲೆ ಕೊಡಸ್ತೀವಿ." ವಾದ್ಯ ಇಲ್ಲದಽ ಏನು ಕಲ್ತು ತೋರಸಬೇಕು, ಲಟ್ಟಣಗಿ ಹಿಡದೇನು? ಮದುವ್ಯಾಗ ಬೀಗರಿಗೆ ಕೊಡೂ ಬೆಳ್ಳಿ ಸಾಮಾನು ಯಾರೂ ಮುಟ್ಟಿ ಸೈತ ನೋಡೂದಿಲ್ಲ, ಅದಕ್ಕ ಮಾತ್ರ ಕೈ ಬಿಚ್ಚತೀವಿ. ಇದಕ್ಕಽ ನನಗ "ಎಲ್ಲಾಕ್ಕಿಂತ ಸೋವಿದ್ದು ಕೊಡಸಿಬಿಡ್ರಿ" ಅನ್ನೂದು ಸೇರೂದಿಲ್ಲ. ಅದು ಉಳಿತಾಯ ಅಲ್ಲ, ಸೋಲಲಿ ಅಂತ ಕೊಡಸೂದು. ಐದಾರು ಸಾವಿರಕ್ಕ ಆಂಪ್, ಚೀಲ, ಪಟ್ಟಾ ಎಲ್ಲಾ ಸೇರಿಸಿ ಮನಿ ಬಾಗಲಿಗೆ ತಂದು ಒಗೀತಾರಲ್ಲ, ಅಂಥಾವು ಭಾಳಷ್ಟು ಕೆಟ್ಟಾವ. ಕೀಲಿ ಜಾರ್ತಾವ, ಸಳಿ ತಿರಗೂದಿಲ್ಲ, ರಿಪೇರಿಯಾಂವ ಕೈ ಮುಗೀತಾನ. ಸೋವಿದ್ದು ಬ್ಯಾರೆ, ಟುಕಾರ್ ಬ್ಯಾರೆ.

ಕೆಲವ್ರು ನನಗ ಇನ್ನೊಂದು ಅಂದ್ರು. "ಬೇಸ್ ಬಾರಸಿದ್ರ ಹಾಡು ಎಲ್ಲದರಿ, ಬರೇ ದುಂ ದುಂ." ಅದಕ್ಕ ಉತ್ತರ ಕೊಡಾವ್ರು, "ಅದು ಮನಿ ಹೆಣ್ಣುಮಗಳಿದ್ದಂಗ, ಕಾಣೂದಿಲ್ಲ, ಆದ್ರ ಎಲ್ಲಾ ಅದರ ಮ್ಯಾಲೆ ನಿಂತದ" ಅಂತ ಸಮಾಧಾನ ಹೇಳ್ತಾರ. ನನಗ ಈ ಹೋಲಿಕಿಽ ಬ್ಯಾಡ. ಕಾಣದಂಗ ಇರೂದ್ರಾಗ ಏನು ದೊಡ್ಡಸ್ತಿಕಿ? ನಮ್ಮಾಕಿ ಸ್ಟೇಜಿನ ನಡುವಽ ನಿಂತು ಬಾರಸ್ತಾಳ, ದುಂ ದುಂ ನಿಂತ್ರ ಮಂದಿ ಕಾಲು ಕುಣಿಯೂದಽ ನಿಲ್ಲತದ.

ಇನ್ನ ಖರ್ಚಿನ ಮಾತು. ನಿಮ್ಮ ಕಡೆ 20 ಸಾವಿರ ಇದ್ರ ಪೂರಾ ಬೇಸ್‌ಗೆ ಹಾಕಬ್ಯಾಡ್ರಿ. ಸೆಟಪ್‌ಗೆ ಒಂದು ಸಾವಿರ ಬದಿಗಿಡ್ರಿ. ಆಂಪ್ ಲಗೂನ ಬೇಕಂತಿಲ್ಲ, ಬೇಸ್‌ಗೆ ಸಿಗಿಸೂ ಸಣ್ಣ ಹೆಡ್‌ಫೋನ್ ಆಂಪ್ ಬರತದ, ಪರೀಕ್ಷಾ ಟೈಮಿನ್ಯಾಗ ಮನ್ಯಾಗ ಗದ್ಲಾನೂ ಆಗೂದಿಲ್ಲ. ಸಾದಾ ಗಿಟಾರ್‌ನ ಸಣ್ಣ ಆಂಪ್‌ಗೆ ಬೇಸ್ ಹಚ್ಚಿ ಜೋರ್ ಇಟ್ರ ಅದರ ಸ್ಪೀಕರ್ ಹರೀತದ, ಅಣ್ಣನ ಆಂಪ್ ಅದ ಅಂತ ಹಂಗ ಮಾಡಬ್ಯಾಡ್ರಿ. ಕೆಲವು ಬೇಸ್ ಒಳಗ 9 ವೋಲ್ಟಿನ ಬ್ಯಾಟ್ರಿ ಇರತದ. ಬಾರಿಸಿದ ಮ್ಯಾಲೆ ವೈರ್ ಎಳದು ತಗೀಬೇಕು. ವೈರ್ ಸಿಗಿಸಿಟ್ರ ರಾತ್ರಿಯೆಲ್ಲಾ ಬ್ಯಾಟ್ರಿ ಉರೀತಿರತದ, ನಾಕು ದಿನಕ್ಕ ಧ್ವನಿ ಸೊರಗತದ, ಮಂದಿ "ಸೋವಿದ್ದು, ಕೆಟ್ಟುಹೋತು" ಅಂತಾರ. ಗುಂಯ್ ಅನ್ನೂ ಸದ್ದಿಗೂ ಹಂಗಽ ಬೈತಾರ. ಮೊದಲು ನಿಮ್ಮ ಮನಿ ಪ್ಲಗ್ ನೋಡ್ರಿ. ಮೂರನೇ ಪಿನ್ನಿಗೆ ಅರ್ಥಿಂಗ್ ಬಂದದೇನು, ಟ್ಯೂಬ್‌ಲೈಟಿನ ಕೆಳಗ ಕೂತಾಳೇನು. ತಂತಿ ಮುಟ್ಟಿದಾಗ ಕೈಗೆ ಜುಂ ಅಂದ್ರ ಮಾತ್ರ ತಡಾ ಮಾಡಬ್ಯಾಡ್ರಿ, ಸ್ವಿಚ್ ತಗದು ಎಲೆಕ್ಟ್ರಿಶಿಯನ್‌ನ ಕರೀರಿ.

ತಂತಿ ತುಟ್ಟಿ, ಸಾದಾ ಗಿಟಾರ್‌ಗಿಂತ ಭಾಳ ತುಟ್ಟಿ. ಬಾರಿಸಿದ ಮ್ಯಾಲೆ ಒಣಾ ಅರಿವಿಲೆ ಒರಸಿಟ್ರ ಭಾಳ ದಿನಾ ಬರ್ತಾವ. ಧ್ವನಿ ಮಂಕಾದ್ರ ಬಾರಸಾವ್ರ ಹಳೇ ಉಪಾಯ ಒಂದದ, ತಂತಿ ಬಿಚ್ಚಿ ಸುರುಳಿ ಮಾಡಿ ಕುದಿಯೂ ನೀರಾಗ ಹತ್ತು ನಿಮಿಷ ಹಾಕೂದು. ಬೆವರು, ಜಿಡ್ಡು ಬಿಟ್ಟು ಮತ್ತ ಖಣ ಖಣ ಅಂತಾವ. ಚಂದಂಗ ಒರಸಿ ಒಣಗಿಸಿ ಹಾಕಬೇಕು, ಇಲ್ಲಂದ್ರ ತುಕ್ಕು. ಚಹಾದ ಪಾತೇಲಿ ಬ್ಯಾಡ, ಹಳೇ ಭಾಂಡೆ ಒಂದು ಬ್ಯಾರೆ ಇಡ್ರಿ. ಅಮೆರಿಕಾದ ಮೋಟೌನ್ ಹಾಡುಗಳಿಗೆ ಬೇಸ್ ಬಾರಿಸಿದ ಜೇಮ್ಸ್ ಜೇಮರ್ಸನ್ ಅಂತೂ ತಂತಿ ಹರಿಯೂತನಕ ಬದಲಿಽ ಮಾಡ್ತಿದ್ದಿಲ್ಲಂತ, ಆ ಮಂಕು ಧ್ವನಿನಽ ಅವಗ ಬೇಕಿತ್ತು. ಅದರಿಂದ ಈ ವಿಷಯದಾಗೂ "ಬಲ್ಲವ್ರು ಹೇಳ್ಯಾರ" ಅಂತ ಒಬ್ಬಾಂವನ ಮಾತು ಹಿಡದು ಕೂಡಬ್ಯಾಡ್ರಿ, ನಿಮ್ಮ ಹುಡುಗಿ ಕಿವಿಗೆ ಬಿಡ್ರಿ.

ಗದಗಿನ ಅತ್ತಿಗಿ, ಶನಿವಾರ ಮುಂಜಾನೆ ರೈಲಿಗೆ ಮಗಳನ್ನ ಕರಕೊಂಡು ಬರ್ರಿ, ಹುಬ್ಬಳ್ಳಿಗೆ ಹೋಗೂಣು. 30 ಇಂಚಿಂದು, 34 ಇಂಚಿಂದು ಎರಡೂ ಕೈಯಾಗ ಹಿಡದು ನೋಡಲಿ. ಸ್ಕೇಲ್‌ಪಟ್ಟಿ, ವಿಜಿಟಿಂಗ್ ಕಾರ್ಡು ನಾ ತರ್ತೀನಿ. ಅಣ್ಣಾರಿಗೆ ರೇಟು ಈಗ ಹೇಳಬ್ಯಾಡ್ರಿ.